ಅಸ್ಥಿಯಿಲ್ಲದ ಕ್ಷೇತ್ರ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಸೇಂಟ್ ಆಂಡ್ರೂಸ್ ಊರಿನ ನಕಾಶೆಯನ್ನು ಹರಡಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸೌತ್ ಸ್ಟ್ರೀಟ್, ನಾರ್ತ್ ಸ್ಟ್ರೀಟ್ ಎಂಬ ಎರಡು ಅಗಲವಾದ ಹಳೆಯ ಬೀದಿಗಳು ಪಡುವಣದಿಂದ ಹೊರಟು, ಮೂಡಣಕ್ಕೆ ಬರುಬರುತ್ತ ಒಂದಕ್ಕೊಂದು ಹತ್ತಿರವಾಗಿ, ಕೊನೆಗೆ ಒಂದೇ ಕಡೆ ಹೋಗಿ ಮುಟ್ಟುತ್ತವೆ. ಮುಟ್ಟುವ ಜಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಕಾಶಕ್ಕೆ ಒಡ್ಡಿಕೊಂಡ ಮೂಡಣ ಗೋಡೆಯ ಒಂದು ತುಂಡು, ಪಡುವಣ ಬಾಗಿಲಿನ ಇನ್ನೊಂದು ತುಂಡು, ನಡುವೆ ಹುಲ್ಲು, ಕಂಬಗಳ ಬುಡ, ಗೋರಿಗಲ್ಲುಗಳು. ಪಕ್ಕದಲ್ಲಿ ಒಂಟಿಯಾಗಿ ನಿಂತ 33 ಮೀಟರ್ ಎತ್ತರದ ಸೇಂಟ್ ರೂಲ್ ಗೋಪುರ. 1158ರ ಸುಮಾರಿಗೆ ಕಟ್ಟಲು ತೊಡಗಿ, 1318ರಲ್ಲಿ ದೊರೆ ರಾಬರ್ಟ್ ಬ್ರೂಸ್‌ನ ಸಮಕ್ಷಮದಲ್ಲಿ ಪ್ರತಿಷ್ಠೆಗೊಂಡ, ಆ ನಾಡಿನಲ್ಲೇ ಅತಿ ದೊಡ್ಡದಾಗಿದ್ದ ಕೆಥೆಡ್ರಲ್‌ನಲ್ಲಿ ಉಳಿದದ್ದು ಇಷ್ಟು. ಗುಡಿ ಹೋಗಿ ತೇರಬೀದಿ ಮಾತ್ರ ಉಳಿದುಕೊಂಡ ಊರು ಅದು. ಆದರೂ ರಾತ್ರಿ 10ರವರೆಗೂ ಬೆಳಕು ಆರದ ಜೂನ್, ಜುಲೈ ತಿಂಗಳುಗಳಲ್ಲಿ ಆ ಬೀದಿಗಳ ಜನ ಹಳೆಯ ದಿಕ್ಕಿಗೇ ಹೆಜ್ಜೆ ಹಾಕುತ್ತಾರೆ. ಕೆಲವರಂತೂ ಬಹುದೂರದಿಂದ ನಡೆದೇ ಬಂದಿರುತ್ತಾರೆ. ಕೂರಸ್ ಮತ್ತು ನಾರ್ತ್ ಕ್ವೀನ್ಸ್‌ಫೆರಿಯಿಂದ ಹೊರಟು ಈ ಪಾಳುಗೋಡೆಯ ಬಳಿ ಮುಗಿಯುವ, ಒಟ್ಟು 104 ಕಿಲೋಮೀಟರ್ ಉದ್ದದ ‘ಫೈಫ್ ಪಿಲ್ಗ್ರಿಮ್ ವೇ’ ಎಂಬ ಕಾಲುದಾರಿಯನ್ನು 2019ರಲ್ಲಿ ತೆರೆದರು. ದೇವರನ್ನು ಕಳೆದುಕೊಂಡ ಜಾಗಕ್ಕೆ ಹೊಸದಾಗಿ ಯಾತ್ರೆಯ ದಾರಿ ಬೇಕಾದದ್ದು ಯಾಕೆ ಎಂಬುದೇ ಇಲ್ಲಿನ ಪ್ರಶ್ನೆ.

ಕಳೆದುಹೋದದ್ದು ಏನೆಂಬುದನ್ನು ಮೊದಲು ನೋಡಬೇಕು. ಯೇಸುವಿನ ಶಿಷ್ಯ ಆಂಡ್ರೂನ ಕೆಲವು ಎಲುಬುಗಳನ್ನು ರೂಲ್ ಎಂಬ ಸಂತ ಸಮುದ್ರ ದಾಟಿಸಿ ಇಲ್ಲಿಗೆ ತಂದನೆಂಬುದು ಸ್ಥಳಪುರಾಣ. ಅದನ್ನು ಇತಿಹಾಸವೆಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಆ ಎಲುಬುಗಳ ಮೇಲಿನ ನಂಬಿಕೆ ಕಟ್ಟಿದ್ದೆಲ್ಲ ಇತಿಹಾಸವೇ: ಕೆಥೆಡ್ರಲ್, ಅದಕ್ಕೆ ಹೊಂದಿಕೊಂಡ ಮಠ, ಬಿಷಪ್ಪನ ಕೋಟೆ, ಯಾತ್ರಿಕರಿಗಾಗಿ ಅಗಲ ಮಾಡಿದ ಬೀದಿಗಳು, ಕೊನೆಗೆ 1413ರಲ್ಲಿ ಪೋಪನ ಸನ್ನದು ಪಡೆದ ವಿಶ್ವವಿದ್ಯಾಲಯ. 1559ರ ಜೂನ್‌ನಲ್ಲಿ ಪ್ರಾಟೆಸ್ಟಂಟ್ ಸುಧಾರಕ ಜಾನ್ ನಾಕ್ಸ್ ಊರಿನ ಹೋಲಿ ಟ್ರಿನಿಟಿ ಚರ್ಚ್‌ನಲ್ಲಿ ನಿಂತು ದೇವಾಲಯದಿಂದ ವ್ಯಾಪಾರಿಗಳನ್ನು ಯೇಸು ಹೊರಹಾಕಿದ ಪ್ರಸಂಗವನ್ನೆತ್ತಿ ಪ್ರವಚನ ಮಾಡಿದ. ಕೇಳಿದವರು ಎದ್ದು ಹೋಗಿ ಕೆಥೆಡ್ರಲ್ಲನ್ನು ‘ಶುದ್ಧ’ ಮಾಡಿದರು. ವಿಗ್ರಹಗಳು ಹೋದವು, ಎಲುಬುಗಳೂ ಆಗಲೇ ಹೋದವೆಂದು ಎಣಿಕೆ. ಕಾಲಕ್ರಮದಲ್ಲಿ ಗೋಡೆಯ ಕಲ್ಲುಗಳೂ ಊರವರ ಮನೆಗಳನ್ನು ಸೇರಿದವು. 1581ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗುಡಿ, ಬಾವಿ, ಶಿಲುಬೆಗಳಿಗೆ ಯಾತ್ರೆ ಹೋಗುವುದನ್ನೇ ಅಪರಾಧವೆಂದು ಕಾಯಿದೆ ಮಾಡಿತು. ಸುಧಾರಕರ ವಾದ ಬಿಗಿಯಾದದ್ದು. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ದೇವರು ಎಲ್ಲೆಡೆ ಇರುವುದಾದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರಲಾರ. ಅಂದಮೇಲೆ ‘ಪುಣ್ಯಸ್ಥಳ’ ಎಂಬುದು ಒಂದೋ ಅಜ್ಞಾನ, ಇಲ್ಲವೇ ಅರ್ಚಕರ ವ್ಯಾಪಾರ. ಈ ತರ್ಕದಲ್ಲಿ ಬಿರುಕು ಹುಡುಕುವುದು ಕಷ್ಟ. ಊರು ಆ ತರ್ಕವನ್ನು ಒಪ್ಪಿಕೊಂಡಿತು, ಅದಕ್ಕಾಗಿ ಭಾರಿ ಬೆಲೆಯನ್ನೂ ತೆತ್ತಿತು. ಬಳಿಕ ಆ ಊರಿನಲ್ಲಿ ನಡೆದದ್ದೇ ಬೇರೆ.

ನಾರ್ತ್ ಸ್ಟ್ರೀಟ್‌ನ ಸೇಂಟ್ ಸಾಲ್ವೇಟರ್ಸ್ ಪ್ರಾರ್ಥನಾಲಯದ ಹೆಬ್ಬಾಗಿಲ ಮುಂದೆ, ನೆಲಕ್ಕೆ ಹಾಸಿದ ಕಲ್ಲುಗಳಲ್ಲಿ ‘ಪಿ ಎಚ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿದ್ದಾರೆ. 1528ರ ಫೆಬ್ರವರಿ 29ರಂದು ಪ್ಯಾಟ್ರಿಕ್ ಹ್ಯಾಮಿಲ್ಟನ್‌ನನ್ನು ಅಲ್ಲಿ ಸುಟ್ಟರು. ಜರ್ಮನಿಗೆ ಹೋಗಿ ಲೂಥರನ ವಿಚಾರಗಳನ್ನು ಕಲಿತು ಬಂದದ್ದು, ಅವನ್ನು ಬಾಯಿಬಿಟ್ಟು ಹೇಳಿದ್ದು ಅವನ ತಪ್ಪು. ವಯಸ್ಸು 24ರ ಆಸುಪಾಸು. ಕಡಲಗಾಳಿಗೆ ಬೆಂಕಿ ಸರಿಯಾಗಿ ಹತ್ತದೆ ಪ್ರಾಣ ಹೋಗಲು ಸುಮಾರು 6 ಗಂಟೆ ಹಿಡಿಯಿತೆಂದು ಹೇಳುತ್ತಾರೆ. ಇವತ್ತು ಆ ಅಕ್ಷರಗಳನ್ನು ವಿದ್ಯಾರ್ಥಿಗಳು ತುಳಿಯುವುದಿಲ್ಲ. ತುಳಿದರೆ ಪರೀಕ್ಷೆಯಲ್ಲಿ ಡುಮ್ಕಿ ಎಂಬ ಪ್ರತೀತಿ. ಅಪ್ಪಿತಪ್ಪಿ ತುಳಿದವರಿಗೆ ಪ್ರಾಯಶ್ಚಿತ್ತವೂ ಇದೆ: ಮೇ 1ರ ನಸುಕಿನಲ್ಲಿ ನೂರಾರು ಜನ ಒಟ್ಟಾಗಿ ಉತ್ತರ ಸಮುದ್ರದ ಕೊರೆವ ನೀರಿಗೆ ಇಳಿದು ಮುಳುಗೇಳುತ್ತಾರೆ, ದೋಷ ಕಳೆಯಿತು. ಮೇಲೆ ಗೋಪುರದ ಕಲ್ಲೊಂದರಲ್ಲಿ ಹ್ಯಾಮಿಲ್ಟನ್‌ನ ಮುಖವೇ ಮೂಡಿದೆಯೆಂದು ಬಂದವರಿಗೆ ಬೆರಳು ಮಾಡಿ ತೋರಿಸುತ್ತಾರೆ. ಮೈಲಿಗೆ, ತೀರ್ಥಸ್ನಾನ, ಉದ್ಭವಮೂರ್ತಿ ಎಂಬ ಪದಗಳು ಮನೆಮಾತಾಗಿರುವ ಕನ್ನಡ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂತರ ಎಲುಬು, ವಿಗ್ರಹ, ಪವಾಡಗಳನ್ನು ಒಲ್ಲದ ಪಂಥದ ಸ್ಕಾಟ್ಲೆಂಡಿನ ಮೊದಲ ಹುತಾತ್ಮನಿಗೆ, ಆ ಪಂಥ ಗೆದ್ದ ಊರಿನಲ್ಲಿ, ಎಲ್ಲ ವಿಧಿಗಳೂ ಸಲ್ಲುತ್ತಿವೆ.

ಸುಧಾರಕರು ಸೋತರು, ಹಳೆಯ ಮೂಢನಂಬಿಕೆ ಹಿಂಬಾಗಿಲಿನಿಂದ ಒಳಬಂತು ಎಂದು ಇದಕ್ಕೆ ಷರಾ ಬರೆದು ಕೈತೊಳೆದುಕೊಳ್ಳಬಹುದು. ಅದು ಸಾಲದು ಅನ್ನಿಸುತ್ತದೆ. ಎರಡೂ ಪಕ್ಷದವರು ಚರ್ಚಿಸಿದ್ದು ಒಂದೇ ಪ್ರಶ್ನೆಯನ್ನು: ಈ ಜಾಗದ ಒಳಗೆ ಏನಾದರೂ ಇದೆಯೋ ಇಲ್ಲವೋ? ಇದೆ ಎಂದವರು ಎಲುಬನ್ನು ತೋರಿಸಿದರು. ಇಲ್ಲ ಎಂದವರು ಅದನ್ನು ಕಿತ್ತೆಸೆದರು. ಆದರೆ ಜಾಗವೊಂದು ಪವಿತ್ರವಾಗುವುದು ಅದರೊಳಗೆ ಇರುವುದರಿಂದ ಅಲ್ಲ, ಅದರ ಸುತ್ತ ಜನ ನಡೆದುಕೊಳ್ಳುವ ಬಗೆಯಿಂದ ಎಂದಿಟ್ಟುಕೊಂಡರೆ? ‘ನಡೆ’ ಎಂಬ ನಮ್ಮ ಪದದಲ್ಲಿ ಹೆಜ್ಜೆ ಇಡುವುದೂ ಇದೆ, ವರ್ತನೆಯೂ ಇದೆ. ಸೇಂಟ್ ಆಂಡ್ರೂಸ್‌ಗೆ ಈ ಪದ ಬಹಳ ಚೆನ್ನಾಗಿ ಒಪ್ಪುತ್ತದೆ. ಇದಕ್ಕೊಂದು ಗಟ್ಟಿ ಪುರಾವೆಯೂ ಉಂಟು. ಆಂಡ್ರೂನದೆಂದು ಹೇಳಲಾಗುವ ಅಸ್ಥಿಗಳು ಸ್ಕಾಟ್ಲೆಂಡಿಗೆ ಮರಳಿ ಬಂದಿವೆ. 1879ರಲ್ಲಿ ಇಟಲಿಯ ಅಮಾಲ್ಫಿಯಿಂದ ಒಂದು, 1969ರಲ್ಲಿ ಪೋಪ್ ಆರನೆಯ ಪಾಲ್ ಕೊಟ್ಟದ್ದು ಇನ್ನೊಂದು. ಎರಡೂ ಇರುವುದು ಎಡಿನ್‌ಬರೋ ನಗರದ ಸೇಂಟ್ ಮೇರಿ ಕ್ಯಾಥೊಲಿಕ್ ಕೆಥೆಡ್ರಲ್‌ನಲ್ಲಿ. ಎಲುಬೇ ಎಳೆಯುವುದಾಗಿದ್ದರೆ 104 ಕಿಲೋಮೀಟರಿನ ಆ ದಾರಿ ಎಡಿನ್‌ಬರೋಗೆ ತಿರುಗಬೇಕಿತ್ತು. ಅದು ಎಲುಬಿರುವ ನಗರವನ್ನು ಕೊಲ್ಲಿಯ ಆಚೆ ದಡದಲ್ಲಿ ಬಿಟ್ಟು ಎಲುಬಿಲ್ಲದ ಊರಿಗೆ ಬರುತ್ತದೆ. ಹೆಜ್ಜೆ ಸವೆಸಿದ ಬೀದಿಗಳಿರುವುದು ಇಲ್ಲಿ.

ಮೊದಲ ಆಕ್ಷೇಪ ಸುಲಭದ್ದು, ಹಾಗಾಗಿ ಎಲ್ಲರ ಬಾಯಲ್ಲೂ ಬರುವಂಥದ್ದು: ವಿದ್ಯಾರ್ಥಿಗಳದ್ದು ಬರೀ ಆಟ, ಅವರಾರೂ ನಿಜವಾಗಿ ನಂಬುವುದಿಲ್ಲ; ಬೇಸಿಗೆಯಲ್ಲಿ ನಡೆದು ಬರುವವರೂ ಗಾಳಿ ಬೆಳಕಿಗಾಗಿ ಬರುವವರು, ಭಕ್ತರಲ್ಲ. ಇರಬಹುದು. ಆದರೆ ಮಧ್ಯಯುಗದ ಯಾತ್ರಿಕರೆಲ್ಲ ಭಕ್ತಿಯಲ್ಲಿ ಕರಗಿಹೋದವರಾಗಿದ್ದರು ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಆಗಿನ ಯೂರೋಪಿನಲ್ಲಿ ಅಪರಾಧಿಗಳಿಗೆ ಯಾತ್ರೆಯನ್ನು ದಂಡವಾಗಿ ವಿಧಿಸುತ್ತಿದ್ದರು. ಹಣವಂತರು ತಮ್ಮ ಬದಲಿಗೆ ಕೂಲಿಯಾಳನ್ನು ಕಳಿಸುತ್ತಿದ್ದರು. ಜಾತ್ರೆಯ ವ್ಯಾಪಾರಕ್ಕೆ ಬಂದವರು, ಊರು ನೋಡಲು ಬಂದವರು, ಮನೆಯ ಕಾಟ ತಪ್ಪಿಸಿಕೊಂಡು ಬಂದವರು ಇಲ್ಲದ ಕ್ಷೇತ್ರ ಯಾವುದಿದ್ದೀತು? ಆಗಸ್ಟಿನಲ್ಲಿ ಮಾರ್ಕೆಟ್ ಸ್ಟ್ರೀಟ್ ತುಂಬ ಇಂದಿಗೂ ನೆರೆಯುವ ಲಾಮಸ್ ಜಾತ್ರೆಯಲ್ಲಿ ಗಿರಿಗಿಟ್ಟೆ ತೊಟ್ಟಿಲುಗಳದ್ದೇ ದರ್ಬಾರು. ಯಾತ್ರೆ ಎಂದೂ ಶುದ್ಧ ನಂಬಿಕೆಯ ಮೇಲೆ ನಿಂತದ್ದಲ್ಲ. ಆಟವೆಂದರೂ ಅದು ತಲೆಮಾರುಗಳಿಂದ ಬಂದ, ಹೊಸಬರಿಗೆ ಹಳಬರು ಕಲಿಸಿಕೊಡುವ, ಚಳಿ ಸಹಿಸಿ ಆಡುವ ಆಟ. ಎಡಿನ್‌ಬರೋದಲ್ಲಂತೂ ಇದು ತಮಾಷೆಯ ತುದಿ ಮುಟ್ಟಿದೆ. ಪವಾಡಗಳನ್ನು ನಂಬಲು ಕಾರಣವಿಲ್ಲವೆಂದು 1748ರಲ್ಲೇ ವಾದಿಸಿದ, ನಾಸ್ತಿಕನೆಂಬ ಅಪವಾದದಿಂದ ಅಲ್ಲಿನ ವಿಶ್ವವಿದ್ಯಾಲಯದ ಪೀಠವನ್ನು ಪಡೆಯಲಾಗದೆ ಹೋದ ಡೇವಿಡ್ ಹ್ಯೂಮ್‌ನ ಪ್ರತಿಮೆ ಅಲ್ಲಿನ ಹಳೆಯ ಮುಖ್ಯಬೀದಿಯಲ್ಲಿದೆ. ಅದೃಷ್ಟ ಬರಲೆಂದು ಜನ ಮುಟ್ಟಿ ಮುಟ್ಟಿ ಅದರ ಕಾಲ್ಬೆರಳು ಥಳಥಳ ಹೊಳೆಯುತ್ತಿದೆ. ಮುಟ್ಟುವವರಲ್ಲಿ ಹ್ಯೂಮ್‌ನನ್ನು ಓದಿದವರೂ ಇರಬಹುದು. ಅವರ ತಲೆ ಅವನ ಪಕ್ಷ, ಕೈ ಇನ್ನೊಂದು ಪಕ್ಷ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ರಾಟೆಸ್ಟಂಟರು ಹೀಗೆ ಹೇಳಬಹುದು: ನೆನೆಯುವುದೇ ಬೇರೆ, ಪೂಜಿಸುವುದೇ ಬೇರೆ, ನೆಲದ ಮೇಲಿನ ಅಕ್ಷರ ಓದುವುದಕ್ಕೆ ಇರುವಂಥದ್ದು, ಅದರಲ್ಲಿ ಶಕ್ತಿಯಿದೆಯೆಂದು ನಾವು ಹೇಳಲಿಲ್ಲ. ಸತ್ಯ. ಈ ವ್ಯತ್ಯಾಸಕ್ಕೆ ಬೆಲೆಯೂ ಇದೆ, ಏಕೆಂದರೆ ಹ್ಯಾಮಿಲ್ಟನ್‌ನ ಕಲ್ಲಿನ ಬಳಿ ಯಾರೂ ಹುಂಡಿ ಇಟ್ಟಿಲ್ಲ, ಪಾಪಕ್ಕೆ ಇಷ್ಟೆಂದು ದರ ಕಟ್ಟಿಲ್ಲ, ಒಳಗೆ ಬಿಡುವ ಬಿಡದಿರುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. ಸುಧಾರಣೆ ನಿಜವಾಗಿ ಗೆದ್ದದ್ದು ಇಲ್ಲಿ. ಪಾವಿತ್ರ್ಯವನ್ನು ಅದು ಅಳಿಸಲಾಗಲಿಲ್ಲ, ಆದರೆ ಪಾವಿತ್ರ್ಯಕ್ಕೊಬ್ಬ ಮಾಲೀಕ ಇರುವುದನ್ನು ತಪ್ಪಿಸಿತು. ಆದರೆ ನೆನಪು ಮತ್ತು ಪೂಜೆಯ ನಡುವೆ ಅವರು ಎಳೆದ ಗೆರೆ ಮಾತ್ರ ಉಳಿದಿಲ್ಲ. ಹ್ಯಾಮಿಲ್ಟನ್ ಏನು ಹೇಳಿ ಸುಡಿಸಿಕೊಂಡ ಎಂಬುದನ್ನು ಅರಿಯದೆಯೂ ಆ ಅಕ್ಷರಗಳನ್ನು ಬಳಸಿ ಹೋಗಬಹುದು, ಹೋಗುವವರಿದ್ದಾರೆ. ನೆನಪು ಇಂಗಿದ ಮೇಲೂ ನಡೆ ಉಳಿಯುತ್ತದೆ ಎಂದಾದರೆ, ನಡೆಯೇ ನೆನಪಿನ ಆಧಾರ ಎನ್ನಬೇಕೇ ಹೊರತು ಅದರ ಹಿಂಬಾಲಕನೆಂದಲ್ಲ. ಕೆಥೆಡ್ರಲ್‌ಗೆ ಇಲ್ಲಿ ಕಲ್ಲು ಇಡುತ್ತಿದ್ದ ಅದೇ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಲ್ಯಾಣದ ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಎತ್ತಿಹಿಡಿಯುತ್ತಿದ್ದರು. ಇಂದು ಕೂಡಲಸಂಗಮದ ಐಕ್ಯಮಂಟಪಕ್ಕೆ ಇಳಿಯುವ ಮೆಟ್ಟಿಲುಗಳಲ್ಲಿ ಭಕ್ತರ ಸಾಲು ಇರುತ್ತದೆ. ಶರಣರಿಗೆ ದ್ರೋಹವಾಯಿತೆಂದು ಇದನ್ನು ಹಳಿಯುವವರಿದ್ದಾರೆ. ಆದರೆ ಸ್ಥಾವರದ ಬಳಿಗೆ ಬರುವುದಕ್ಕೂ ಜಂಗಮ ಬೇಕಲ್ಲ. ಸ್ಕಾಟ್ಲೆಂಡಿನ ಚರ್ಚ್‌ಗೂ ಅದು ತಡವಾಗಿ ಹೊಳೆದಂತಿದೆ: ಯಾತ್ರೆಯನ್ನು ನಿಷೇಧಿಸಿದವರ ಉತ್ತರಾಧಿಕಾರಿಯಾದ ಆ ಚರ್ಚ್‌ನ ಮಹಾಸಭೆ 2017ರಲ್ಲಿ ಯಾತ್ರೆಗೆ ಧಾರ್ಮಿಕ ಬದುಕಿನಲ್ಲಿ ಸ್ಥಾನವಿದೆಯೆಂದು ಒಪ್ಪಿಕೊಂಡಿತು.

ಹೆಜ್ಜೆಯಿಂದಲೇ ಪಾವಿತ್ರ್ಯವೆಂದರೆ ಜನ ಸೇರಿದ ಕಡೆಯೆಲ್ಲ ಕ್ಷೇತ್ರವೇ? ಗಾಲ್ಫ್‌ನ ತವರೆನಿಸಿಕೊಂಡ ಈ ಊರಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಲೋಕದ ಮೂಲೆಮೂಲೆಯಿಂದ ಬಂದ ಆಟಗಾರರು ಓಲ್ಡ್ ಕೋರ್ಸ್‌ನ ಪುಟ್ಟ ಸ್ವಿಲ್ಕನ್ ಕಲ್ಲುಸೇತುವೆಯ ಮೇಲೆ ನಿಂತು ಫೋಟೋ ಹಿಡಿಸಿಕೊಳ್ಳುತ್ತಾರೆ. ಅದನ್ನು ಯಾತ್ರೆಯೆನ್ನಲು ಮನಸ್ಸು ಬರುವುದಿಲ್ಲ, ಬಾರದಿರಲು ಕಾರಣವೂ ಇದೆ. ಫೋಟೋ ತೆಗೆಸಿಕೊಂಡವನ ಹೆಜ್ಜೆ ಎಲ್ಲೂ ತಡೆಯುವುದಿಲ್ಲ, ಬಾಗುವುದಿಲ್ಲ. ಜಾಗ ಅವನಿಂದ ಏನನ್ನೂ ಕೇಳುವುದಿಲ್ಲ. ಆದರೆ ಅದೇ ಮೈದಾನದಲ್ಲಿ ಇನ್ನೊಂದು ಕಟ್ಟುಪಾಡು ಇದೆ. ಓಪನ್ ಚಾಂಪಿಯನ್‌ಷಿಪ್‌ನಂಥ ದೊಡ್ಡ ಪಂದ್ಯಗಳನ್ನು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ. ಅಂದು ಅದು ಊರಿನ ಉದ್ಯಾನ. ಯಾರು ಬೇಕಾದರೂ ಅಡ್ಡಾಡಬಹುದು. ಭಾನುವಾರ ಕೆಲಸ, ಆಟ ಎರಡನ್ನೂ ಬಿಡಬೇಕೆಂಬ ಹಳೆಯ ವ್ರತದ ಉಳಿಕೆ ಇದು. ಈಗ ಹೇಳುವ ಕಾರಣ ಬೇರೆ, ಹುಲ್ಲಿಗೂ ವಿಶ್ರಾಂತಿ ಬೇಕಂತೆ. ಕಾರಣ ಬದಲಾದರೂ ತಡೆ ಉಳಿಯಿತು. ಅಲ್ಲಿಗೆ ಭಾನುವಾರ ಮಾತ್ರ ಆ ಹುಲ್ಲು ಸ್ವಲ್ಪ ಪವಿತ್ರ ಎಂದರೆ ನಗು ಬರಬಹುದು, ಆದರೆ ನನ್ನ ವಾದ ನನ್ನನ್ನು ಅಲ್ಲಿಗೇ ಕರೆದೊಯ್ಯುತ್ತದೆ. ತಪ್ಪಿಸಿಕೊಳ್ಳುವ ಆಸೆಯೂ ನನಗಿಲ್ಲ.

ತಪ್ಪಿಸಿಕೊಳ್ಳಲಾಗದ ತೊಡಕು ಇರುವುದು ಬೇರೆಡೆ. ಕಾಲು ಯಾವುದಕ್ಕೆ ಬಾಗಬೇಕೆಂಬುದನ್ನು ಕಾಲೇ ತೀರ್ಮಾನಿಸುವುದಿಲ್ಲ. ಗುರುತು ಇಟ್ಟವರು ತೀರ್ಮಾನಿಸುತ್ತಾರೆ. ಕೋಟೆಯ ಮುಂದಿನ ರಸ್ತೆಯಲ್ಲಿ ‘ಜಿ ಡಬ್ಲ್ಯು’ ಅಕ್ಷರಗಳಿವೆ. 1546ರ ಮಾರ್ಚ್ 1ರಂದು ಜಾರ್ಜ್ ವಿಷಾರ್ಟ್‌ನನ್ನು ಸುಟ್ಟ ಜಾಗ. ಸುಡಿಸಿದ ಕಾರ್ಡಿನಲ್ ಡೇವಿಡ್ ಬೀಟನ್‌ನನ್ನು ಮೂರು ತಿಂಗಳೊಳಗೆ ಅದೇ ಕೋಟೆಯಲ್ಲಿ ಇರಿದು ಕೊಂದು ಹೆಣವನ್ನು ಗೋಡೆಯ ಹೊರಗೆ ನೇತುಹಾಕಿದರು. ಅವನು ಕ್ರೂರಿಯೇ ಇರಬಹುದು, ಕೊಲೆಯಂತೂ ಕೊಲೆಯೇ. ಕಡಲಿಗೆ ಮುಖ ಮಾಡಿದ ಸ್ಕೋರ್ಸ್ ಎಂಬ ದಾರಿಯ ಪಡುವಣ ತುದಿಯಲ್ಲಿ 1842ರ ಹುತಾತ್ಮರ ಸ್ತಂಭವಿದೆ. ಅದು ಹೆಸರಿಸುವುದು ನಾಲ್ವರನ್ನು: ಹ್ಯಾಮಿಲ್ಟನ್, ಹೆನ್ರಿ ಫಾರೆಸ್ಟ್, ವಿಷಾರ್ಟ್, ಮತ್ತು 80 ದಾಟಿದ ವಯಸ್ಸಿನಲ್ಲಿ 1558ರಲ್ಲಿ ಬೆಂಕಿಗೆ ಬಿದ್ದ ವಾಲ್ಟರ್ ಮಿಲ್ನ್. ಸುಧಾರಣೆ ಗೆದ್ದ ಮೇಲೆ, ಗೆದ್ದವರ ಕಾಲದಲ್ಲಿ, ಇದೇ ಊರಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನೂ ಸುಟ್ಟರು. ಸ್ತಂಭದ ಆಸುಪಾಸಿನ ದಿಬ್ಬವನ್ನು ವಿಚ್ ಹಿಲ್ ಎಂದೇ ಕರೆಯುತ್ತಾರೆ, ಮಾಟಗಾತಿಯರ ದಿಬ್ಬ. ಹೆಂಗಸರ ಹೆಸರಲ್ಲ, ಅವರ ಮೇಲೆ ಹೊರಿಸಿದ ಆರೋಪ ಮಾತ್ರ ನೆಲಕ್ಕೆ ಅಂಟಿಕೊಂಡಿದೆ. ಬೇಸಿಗೆಯ ಸಂಜೆ ಅಲ್ಲಿಂದ ಕಡಲು ಚೆಂದ ಕಾಣುತ್ತದೆ, ಜನ ಬರುತ್ತಾರೆ. ನಾರ್ತ್ ಸ್ಟ್ರೀಟ್‌ನಲ್ಲಿ ಎರಡು ಅಕ್ಷರಗಳನ್ನು ಬಳಸಿಕೊಂಡು ಬಂದ ಅದೇ ಕಾಲುಗಳು, ಬಳಸಲು ಏನೂ ಇಲ್ಲದ ಆ ಹುಲ್ಲಿನ ಮೇಲೆ ನೇರವಾಗಿ ನಡೆದುಹೋಗುತ್ತವೆ.