ಕದ್ದು ಕೇಳಿದ ಸತ್ಯ

ಪ್ರಜೆಗಳ ರಕ್ಷಣೆಯ ಹೊಣೆ ಹೊತ್ತ ಪ್ರಭುತ್ವವು ಅದೇ ಪ್ರಜೆಗಳ ಏಕಾಂತದ ಮಾತುಗಳನ್ನು ಮರೆಯಲ್ಲಿ ನಿಂತು ಆಲಿಸಬಹುದೇ? ಕೇಳಿಸಿಕೊಂಡದ್ದು ನಿಜವೇ ಆಗಿದ್ದರೆ ದೋಷವೇನು ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಸಮಾಧಾನ. ತತ್ತ್ವಾರ್ಥಸೂತ್ರವು ಇದನ್ನು ಒಪ್ಪುವುದಿಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರಗಳ ಜೊತೆಗೆ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ಸೇರಿವೆ. ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಇಂಗಿತದಿಂದ ಅರಿತ ಪರರ ಅಭಿಪ್ರಾಯವನ್ನು ಹೊರಗೆಡಹುವುದು ಸಾಕಾರಮಂತ್ರಭೇದ. ಇವೆರಡರಲ್ಲಿಯೂ ಹೇಳಿದ ಮಾತು ನಿಜವೇ ಆಗಿರಬಹುದು. ಆದರೂ ವ್ರತಕ್ಕೆ ಕಲೆ ತಗಲುತ್ತದೆ. ಏಕೆಂದರೆ ಪರರ ನೋವಿಗೆ ಸಾಧನವಾದ ನಿಜವು ಸತ್ಯವೆಂಬ ಹೆಸರಿಗೆ ಅರ್ಹವಲ್ಲ.

ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ಅಹಿಂಸೆಯಿಂದ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗರ ದೂರವಾಣಿಯನ್ನು ಕದ್ದಾಲಿಸಲು 1963ರ ಅಕ್ಟೋಬರಿನಲ್ಲಿ ಅಲ್ಲಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಅನುಮತಿ ನೀಡಿದರು. ಕಿಂಗರ ಒಡನಾಡಿಗಳಿಗೆ ಕಮ್ಯುನಿಸ್ಟರ ನಂಟಿದೆಯೆಂಬ ಶಂಕೆಯೇ ಅದಕ್ಕೆ ಕಾರಣವಾಗಿತ್ತು. ಮರುವರ್ಷ ಎಫ್.ಬಿ.ಐ. ಸಂಸ್ಥೆಯು ಗುಟ್ಟಾಗಿ ಮುದ್ರಿಸಿಕೊಂಡ ಧ್ವನಿಸುರುಳಿಯನ್ನು, ಹೆಸರಿಲ್ಲದ ನಿಂದೆಯ ಪತ್ರದೊಡನೆ, ಅವರಿಗೆ ಕಳುಹಿಸಿತು. ಶಂಕೆಯಿಂದ ಆರಂಭವಾದುದು ಕೊನೆಗೆ ಕೂಟಲೇಖಕ್ಕೆ ಇಳಿಯಿತು.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದ್ದ ರಾಮಕೃಷ್ಣ ಹೆಗಡೆಯವರ ಸರ್ಕಾರದ ಮೇಲೆಯೇ ದೂರವಾಣಿ ಕದ್ದಾಲಿಕೆಯ ಆರೋಪ ಬಂದು, 1988ರ ಆಗಸ್ಟಿನಲ್ಲಿ ಅವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಅಜಿತ್ ಸಿಂಗರೊಡನೆ ಆಡಿದ ಮಾತುಗಳೂ ಆ ವಿವಾದದಲ್ಲಿ ಬಯಲಿಗೆ ಬಂದಿದ್ದವು. ಸ್ವತಃ ನೊಂದವರ ಆಡಳಿತದಲ್ಲಿಯೂ ಇಂತಹ ಆರೋಪಕ್ಕೆ ಎಡೆಯಾಯಿತೆಂದ ಮೇಲೆ, ಆಳುವವರ ಸಜ್ಜನಿಕೆಯೊಂದನ್ನೇ ನಂಬಿ ಕೂಡುವಂತಿಲ್ಲ, ಕಟ್ಟುಪಾಡು ಬೇಕು.

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್. ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಅಂತಹ ಕಟ್ಟುಪಾಡನ್ನು ವಿಧಿಸಿತು: ಗೃಹ ಕಾರ್ಯದರ್ಶಿಯ ಆಜ್ಞೆ, ಅದಕ್ಕೆ ಎರಡು ತಿಂಗಳ ಅವಧಿ, ಒಟ್ಟು ಆರು ತಿಂಗಳ ಮಿತಿ, ಮೇಲೊಂದು ಪರಿಶೀಲನಾ ಸಮಿತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ ಆಜ್ಞೆ ಕೊಡುವವರೂ ಅಧಿಕಾರಿಗಳೇ, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳೇ. ತನ್ನ ತಪ್ಪನ್ನು ತಾನೇ ತೂಗುವ ತಕ್ಕಡಿ ನೇರವಾಗಿ ನಿಲ್ಲುವುದು ಕಷ್ಟ.

ಹಾಗಾದರೆ ಕೊಲೆಗಡುಕರ ಸಂಚನ್ನು ತಿಳಿಯಬೇಡವೇ? ತಿಳಿಯಬೇಕು, ಜೀವರಕ್ಷಣೆ ರಾಜಧರ್ಮ. ಆದರೆ ಕೃತ್ಯದ ಶಂಕೆ ಬೇರೆ, ಅಭಿಪ್ರಾಯದ ಭಯ ಬೇರೆ. ನ್ಯಾಯಾಧೀಶರ ಮುಂದೆ ನಿಸ್ಸಂಕೋಚವಾಗಿ ಹೇಳಬಲ್ಲ ಕಾರಣದಿಂದ ಕಿವಿಗೊಡುವುದು ರಕ್ಷಣೆ. ತನಗೊಪ್ಪದ ಮಾತಿಗೆ ಹೆದರಿ ಕಿವಿಗೊಡುವುದು ಹಿಂಸೆ.

ಈ ವಿವೇಕ ಮನೆಯಿಂದಲೇ ಆರಂಭವಾಗಬೇಕು. ಮನೆಯವರಿಗೆ ಬಂದ ಪತ್ರವನ್ನು ಒಡೆದು ಓದದಿರುವುದು, ಬಸದಿಯ ಆಡಳಿತದಲ್ಲಿ ಭಿನ್ನಮತ ನುಡಿದವರ ಗುಟ್ಟುಗಳನ್ನು ಹುಡುಕದಿರುವುದು ಸಣ್ಣ ಸಂಯಮಗಳೆನಿಸಬಹುದು. ಇವನ್ನು ರೂಢಿಸಿಕೊಂಡ ಸಮಾಜವೇ ಪ್ರಭುತ್ವದಿಂದಲೂ ಅದೇ ಸಂಯಮವನ್ನು ತಲೆಯೆತ್ತಿ ಕೇಳಬಲ್ಲದು.