ಗೃಹಪ್ರವೇಶವೂ ನೆಲದ ಒಡೆತನವೂ

ಕಟ್ಟಿ ಮುಗಿದ ಮನೆಯಲ್ಲಿ ವಾಸ ಆರಂಭಿಸುವ ಮುನ್ನ ಮಾಡುವ ಶಾಂತಿಕರ್ಮವೇ ಗೃಹಪ್ರವೇಶ. ವಾಸ್ತುಗ್ರಂಥಗಳು ಇದನ್ನು ಮೂರು ಬಗೆಯಾಗಿ ಹೇಳುತ್ತವೆ. ಹೊಸ ಮನೆಗೆ ಮೊದಲ ಸಲ ಕಾಲಿಡುವುದು ಅಪೂರ್ವ, ದೂರ ಪ್ರಯಾಣ ಮುಗಿಸಿ ಮರಳುವುದು ಸಪೂರ್ವ, ಬೆಂಕಿ ನೆರೆಗಳಿಗೆ ಸಿಕ್ಕಿ ದುರಸ್ತಿಯಾದ ಮನೆಯನ್ನು ಮತ್ತೆ ಹೊಗುವುದು ದ್ವಂದ್ವ. ಬೆಂಗಳೂರು, ಮೈಸೂರು, ತುಮಕೂರುಗಳ ಅಂಚಿನ ಬಡಾವಣೆಗಳಲ್ಲಿ ಮುಹೂರ್ತದ ತಿಂಗಳುಗಳಲ್ಲಿ ಎಡೆಬಿಡದೆ ನಡೆಯುವುದು ಮೊದಲನೆಯದು. ಹಿಂದಿನ ರಾತ್ರಿ ವಾಸ್ತುಹೋಮ, ರಾಕ್ಷೋಘ್ನ ಹೋಮ, ಬಲಿ. ಬೆಳಗಿನ ಜಾವ ಹಸು ಕರುವನ್ನು ಒಳಗೆ ಕರೆತರುವುದು, ಹೊಸ್ತಿಲ ಪೂಜೆ, ಹಾಲುಕ್ಕಿಸುವುದು. ಆಮೇಲೆ ಸತ್ಯನಾರಾಯಣ ಪೂಜೆ, ಅರ್ಧ ರಸ್ತೆಯನ್ನು ನುಂಗಿದ ಶಾಮಿಯಾನದಡಿ ಊಟ. ಕ್ರಯಪತ್ರ, ಖಾತೆ, ಮಂಜೂರಾದ ನಕ್ಷೆ ಎಲ್ಲವೂ ಬೀರುವಿನಲ್ಲಿ ಭದ್ರವಾಗಿರುವ ಯಜಮಾನ ಇಷ್ಟೆಲ್ಲ ಮಾಡಿ ಯಾರ ಅಪ್ಪಣೆ ಕೇಳುತ್ತಾನೆ ಎಂಬುದು ಈ ಕರ್ಮದೊಳಗೆ ಅಡಗಿರುವ ತಾತ್ತ್ವಿಕ ಪ್ರಶ್ನೆ.

ಇದರ ಬೇರು ಋಗ್ವೇದದಲ್ಲಿದೆ. ಏಳನೆಯ ಮಂಡಲದ 54ನೆಯ ಸೂಕ್ತದ ಮೂರು ಮಂತ್ರಗಳು ವಾಸ್ತೋಷ್ಪತಿ ಎಂಬ ದೇವತೆಯನ್ನು ಉದ್ದೇಶಿಸಿದವು. ವಾಸ್ತೋಷ್ಪತಿ ಎಂದರೆ ನೆಲೆಯ ಒಡೆಯ. ಮನೆಯಲ್ಲಿ ರೋಗ ಬಾರದಿರಲಿ, ಎರಡು ಕಾಲಿನವರಿಗೂ ನಾಲ್ಕು ಕಾಲಿನವಕ್ಕೂ ಒಳಿತಾಗಲಿ ಎಂದು ಅಲ್ಲಿ ಬೇಡಿಕೆಯಿದೆ. ಬೇಡುವವನು ಮನೆ ಕಟ್ಟಿದವನು, ಒಡೆಯ ಮಾತ್ರ ಬೇರೊಬ್ಬ. ಮುಂದಿನ ಸೂಕ್ತ ರಾತ್ರಿ ಬೊಗಳುವ ನಾಯಿಯನ್ನು ಮಲಗಿಸುವ ಪ್ರಾರ್ಥನೆಯತ್ತ ಹೊರಳುತ್ತದೆ. ಹೊಸ ಬಡಾವಣೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಅದರ ಅಗತ್ಯವನ್ನು ವಿವರಿಸಬೇಕಿಲ್ಲ.

ಈ ನೆಲೆಯ ಒಡೆಯ ಸೌಮ್ಯನೇನೂ ಅಲ್ಲ. ತೈತ್ತಿರೀಯ ಸಂಹಿತೆ ಅವನನ್ನು ರುದ್ರನೆಂದೇ ಗುರುತಿಸುತ್ತದೆ. ಐತರೇಯ ಬ್ರಾಹ್ಮಣದ ನಾಭಾನೇದಿಷ್ಠನ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಅಣ್ಣಂದಿರು ಆಸ್ತಿ ಹಂಚಿಕೊಳ್ಳುವಾಗ ನಾಭಾನೇದಿಷ್ಠ ಗುರುಕುಲದಲ್ಲಿದ್ದ, ಅವನಿಗೆ ಪಾಲೇ ಸಿಗಲಿಲ್ಲ. ತಂದೆ ಮನುವಿನ ಸಲಹೆಯಂತೆ ಅವನು ಅಂಗಿರಸರ ಯಜ್ಞಕ್ಕೆ ನೆರವಾದ. ಅವರು ಸ್ವರ್ಗಕ್ಕೆ ಹೊರಡುವಾಗ ಸಾವಿರ ಹಸುಗಳನ್ನು ಅವನಿಗೆ ಬಿಟ್ಟುಕೊಟ್ಟರು. ಅವನ್ನು ಅಟ್ಟಿಕೊಳ್ಳುವಷ್ಟರಲ್ಲಿ ಉತ್ತರ ದಿಕ್ಕಿನಿಂದ ಕಪ್ಪುಡುಗೆಯ ಪುರುಷನೊಬ್ಬ ಬಂದು, ಈ ಜಾಗದಲ್ಲಿ ಉಳಿದುದೆಲ್ಲ ತನ್ನದು ಎಂದ. ದಾನಪತ್ರ ನಾಭಾನೇದಿಷ್ಠನ ಕಡೆಗಿತ್ತು. ಆದರೂ ಅವನು ತಂದೆಯನ್ನು ಕೇಳಿದ. ಮನು, ಅದು ಆ ಪುರುಷನದೇ ಎಂದ. ಹುಡುಗ ಹಿಂತಿರುಗಿ ಆ ಮಾತನ್ನು ಹಾಗೆಯೇ ಒಪ್ಪಿಸಿದ. ಸತ್ಯ ನುಡಿದ ಕಾರಣಕ್ಕೆ ಹಸುಗಳು ಅವನಿಗೇ ಸಂದವು. ಮೊದಲು ಮತ್ತೊಬ್ಬನ ಹಕ್ಕನ್ನು ಒಪ್ಪಿಕೊಳ್ಳಬೇಕು, ಆಮೇಲೆ ಅನುಭೋಗ: ಗೃಹಪ್ರವೇಶದ ತರ್ಕವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ವೈದಿಕ ಸಾಹಿತ್ಯದಲ್ಲಿ ಸಿಗುವುದು ಕಷ್ಟ.

ಗೃಹ್ಯಸೂತ್ರಗಳ ಕಾಲಕ್ಕೆ ಗಮನ ಮಣ್ಣಿನತ್ತ ಇಳಿಯುತ್ತದೆ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಮೊಣಕಾಲುದ್ದದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕಿದರೆ ನೆಲ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ಬಿಡತಕ್ಕದ್ದು. ಸೂರ್ಯ ಮುಳುಗಿದ ಮೇಲೆ ಅದೇ ಗುಂಡಿಗೆ ನೀರು ತುಂಬಿ, ಬೆಳಿಗ್ಗೆ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆಯೂ ಇದೆ. ಮಣ್ಣಿನ ಬಿಗಿ ಮತ್ತು ಇಂಗುವ ಗುಣವನ್ನು ತಿಳಿಯಲು ಇವು ಇಂದಿಗೂ ಅಸಂಬದ್ಧವಲ್ಲ. ಅದೇ ಗ್ರಂಥ ಬಿಳಿ ನೆಲ ಬ್ರಾಹ್ಮಣನಿಗೆ, ಕೆಂಪು ಕ್ಷತ್ರಿಯನಿಗೆ, ಹಳದಿ ವೈಶ್ಯನಿಗೆ ಎಂದು ವರ್ಣಕ್ಕೊಂದು ಬಣ್ಣವನ್ನೂ ಹಂಚುತ್ತದೆ. ಯಾರು ಎಲ್ಲಿ ಮನೆ ಕಟ್ಟಬಹುದು ಎಂಬ ಪ್ರಶ್ನೆ ಶಾಸ್ತ್ರದಲ್ಲಿ ಎಂದೂ ಬರೀ ಮಣ್ಣಿನದಾಗಿರಲಿಲ್ಲ.

ವಾಸ್ತುಪುರುಷನ ಕಲ್ಪನೆ ಬೆಳೆದದ್ದು ಆಮೇಲೆ. ಮತ್ಸ್ಯಪುರಾಣದಲ್ಲಿ ಅಂಧಕಾಸುರನೊಡನೆ ಹೋರಾಡುವಾಗ ಶಿವನ ಬೆವರು ನೆಲಕ್ಕೆ ಬಿದ್ದು ಅದರಿಂದ ಒಂದು ಭೂತ ಹುಟ್ಟುತ್ತದೆ. ಅದರ ಹಸಿವು ಇಂಗದೆ ಲೋಕಗಳನ್ನೇ ನುಂಗಹೊರಟಾಗ ದೇವತೆಗಳು ಅದನ್ನು ಕೆಡವಿ ಮೇಲೆ ಕೂರುತ್ತಾರೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದನ್ನು ಇನ್ನೂ ಸಂಕ್ಷೇಪವಾಗಿ ಹೇಳಿ, 81 ಮನೆಗಳ ಚೌಕದಲ್ಲಿ 45 ದೇವತೆಗಳನ್ನು ಕೂರಿಸುತ್ತಾನೆ. ಚೌಕದ ಹೊರಗೆ ನಾಲ್ಕು ಮೂಲೆಗಳಲ್ಲಿ ಚರಕಿ, ವಿದಾರಿ, ಪೂತನಾ, ಪಾಪರಾಕ್ಷಸಿ ಎಂಬ ನಾಲ್ವರು ಇದ್ದಾರೆ. ಒಳಗೆ ಜಾಗ ಸಿಗದಿದ್ದರೂ ಅವರಿಗೆ ಬಲಿ ತಪ್ಪುವಂತಿಲ್ಲ. ಮಗುಚಿ ಮಲಗಿಸಿದ ಆ ಭೂತ, ಅಂದರೆ ವಾಸ್ತುಪುರುಷ, ಸತ್ತಿಲ್ಲ. ಮನೆ ನಿಂತಿರುವುದು ಅವನ ಬೆನ್ನಿನ ಮೇಲೆ. ಅವನಿಗೆ ಮನೆ ಕಟ್ಟುವವರೆಲ್ಲ ಪೂಜೆ ಸಲ್ಲಿಸಬೇಕೆಂಬುದು ದೇವತೆಗಳು ಕೊಟ್ಟ ಪರಿಹಾರ. ಸೋತವನನ್ನು ಅಡಿಪಾಯವಾಗಿಸಿ, ಅವನ ಪಾಲನ್ನು ಖಾಯಂ ಮಾಡಿದ ಒಪ್ಪಂದವಿದು.

ಈ ವಿಧಿಗಳನ್ನು ಹತ್ತಿರದಿಂದ ನೋಡಿದರೆ ಅವುಗಳಲ್ಲಿ ಒಂದಕ್ಕೊಂದು ಹೊಂದದ ಎರಡು ದನಿಗಳಿವೆ. ಒಂದು ಕ್ಷಮೆಯ ದನಿ. ಪ್ರತಿಮೆಗಾಗಿ ಮರ ಕಡಿಯುವ ಮುನ್ನ ಅದರಲ್ಲಿ ವಾಸಿಸುವ ಜೀವಗಳಿಗೆ ಬಲಿಯಿತ್ತು, ದಯವಿಟ್ಟು ಬೇರೆಡೆ ನೆಲೆ ಮಾಡಿಕೊಳ್ಳಿ, ಮನ್ನಿಸಿ ಎಂದು ಕೇಳಿಕೊಳ್ಳಬೇಕೆಂದು ವರಾಹಮಿಹಿರ ವಿಧಿಸುತ್ತಾನೆ. ಗೃಹಪ್ರವೇಶದ ಬಲಿಯಲ್ಲೂ ಕೇಳುವುದು ಈ ದನಿಯೇ. ಇನ್ನೊಂದು ತೆರವು ಮಾಡಿಸುವ ದನಿ. ಪೂಜೆಯ ಆರಂಭದಲ್ಲಿ ಹೇಳುವ ಭೂತೋಚ್ಚಾಟನೆಯ ಮಂತ್ರ ಅದೇ ಬಗೆಯ ನಿವಾಸಿಗಳಿಗೆ ಶಿವನ ಆಜ್ಞೆಯ ಹೆಸರಲ್ಲಿ ಹೊರಟುಹೋಗಿ ಎನ್ನುತ್ತದೆ. ರಾಕ್ಷೋಘ್ನ ಹೋಮದ ದನಿಯೂ ಇದೇ. ಒಂದೇ ರಾತ್ರಿ, ಒಂದೇ ಹೋಮಕುಂಡದ ಮುಂದೆ, ಒಬ್ಬನೇ ಪುರೋಹಿತನ ಬಾಯಲ್ಲಿ ಎರಡೂ ಬರುತ್ತವೆ. ಅದನ್ನು ಗೊಂದಲವೆನ್ನಬೇಕಿಲ್ಲ. ನೆಲೆಯೂರಬೇಕಾದ ಮನುಷ್ಯನ ಇಕ್ಕಟ್ಟೇ ಅಂಥದು; ಯಾರನ್ನೂ ಕದಲಿಸದೆ ಇರುವ ಜಾಗ ಅವನಿಗೆ ಸಿಗುವುದಿಲ್ಲ.

ಬೌದ್ಧ ವಿನಯಪಿಟಕದಲ್ಲಿ ಈ ಇಕ್ಕಟ್ಟಿನ ಮೇಲೆಯೇ ಒಂದು ನಿಯಮ ನಿಂತಿದೆ. ಆಳವಿ ಎಂಬಲ್ಲಿ ಭಿಕ್ಷುವೊಬ್ಬ ವಸತಿ ಕಟ್ಟಲು ಮರ ಕಡಿಯತೊಡಗಿದಾಗ ಅದರಲ್ಲಿದ್ದ ದೇವತೆ, ನಿನ್ನ ಮನೆಗಾಗಿ ನನ್ನ ಮನೆ ಕೆಡವಬೇಡ ಎಂದು ಬೇಡುತ್ತದೆ. ಅವನು ನಿಲ್ಲಿಸುವುದಿಲ್ಲ, ಏಟು ದೇವತೆಯ ಮಗುವಿನ ತೋಳಿಗೆ ತಾಗುತ್ತದೆ. ಅವನನ್ನು ಕೊಂದುಬಿಡುವ ಸಿಟ್ಟನ್ನು ತಡೆದುಕೊಂಡು ದೇವತೆ ಬುದ್ಧನಲ್ಲಿ ದೂರು ಕೊಡುತ್ತದೆ. ಬುದ್ಧ ಅದರ ಸಂಯಮವನ್ನು ಮೆಚ್ಚಿ, ಖಾಲಿಯಿರುವ ಬೇರೊಂದು ಮರವನ್ನು ತೋರಿಸಿ ಅಲ್ಲಿಗೆ ಹೋಗಲು ಹೇಳುತ್ತಾನೆ. ಭಿಕ್ಷುಗಳು ಗಿಡಮರಗಳಿಗೆ ಹಾನಿ ಮಾಡಬಾರದೆಂಬ ನಿಯಮ ಅಲ್ಲಿಂದ ಬಂತು. ಬರೀ ಕ್ಷಮೆ ಕೇಳುವುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ. ಇಲ್ಲಿ ಒಕ್ಕಲೆದ್ದವರಿಗೆ ಬದಲಿ ಜಾಗವೂ ಸಿಕ್ಕಿದೆ.

ಮನೆಯೊಳಗೆ ಹೋದ ಮೇಲೆ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದು ಧರ್ಮಶಾಸ್ತ್ರದ ನಿಲುವು. ಮನುಸ್ಮೃತಿ ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ತಾಣಗಳನ್ನು ಎಣಿಸುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಗ್ಯಾಸ್ ಸ್ಟವ್ವು, ಮಿಕ್ಸಿ, ಬೋರ್‌ವೆಲ್ಲು ಬಂದ ಮಾತ್ರಕ್ಕೆ ಪಟ್ಟಿ ಚಿಕ್ಕದಾಗಿಲ್ಲ. ದಿನನಿತ್ಯದ ಪಂಚಮಹಾಯಜ್ಞಗಳು ಈ ಹಿಂಸೆಗೆ ಪ್ರಾಯಶ್ಚಿತ್ತ; ಅವುಗಳಲ್ಲಿ ನಾಯಿ, ಕಾಗೆ, ಹುಳುಹುಪ್ಪಟೆಗಳಿಗೆ ನೆಲದ ಮೇಲೆ ಅನ್ನ ಇಡುವುದೂ ಸೇರಿದೆ. ಗೃಹಪ್ರವೇಶದ ಆಡಂಬರ ಬೆಳೆದಷ್ಟು ಈ ದಿನದ ತುತ್ತಿನ ಪದ್ಧತಿ ಬೆಳೆಯಲಿಲ್ಲ, ಸವೆದೇ ಹೋಯಿತು.

ಮನೆಯ ಕಲ್ಪನೆಯನ್ನೇ ಪ್ರಶ್ನಿಸಿದ ಪರಂಪರೆಗಳೂ ಇವೆ. ಜೈನರಲ್ಲಿ ಮುನಿ ಎಂದರೆ ಅನಗಾರ, ಮನೆಯಿಲ್ಲದವನು. ಶ್ರಾವಕ ಮನೆ ಹೊಂದಬಹುದು, ಆದರೆ ತತ್ತ್ವಾರ್ಥಸೂತ್ರ ಹೊಲ ಮತ್ತು ಮನೆಯನ್ನು ಚಿನ್ನ, ಧಾನ್ಯಗಳ ಜೊತೆ ಪರಿಗ್ರಹದ ಪಟ್ಟಿಗೇ ಸೇರಿಸಿ, ಹಾಕಿಕೊಂಡ ಮಿತಿ ಮೀರುವುದನ್ನು ದೋಷವೆನ್ನುತ್ತದೆ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯ ಪ್ರಿಯಭಕ್ತನನ್ನು ಅನಿಕೇತ, ಅಂದರೆ ನೆಲೆಯಿಲ್ಲದವನು, ಎಂದು ವರ್ಣಿಸುತ್ತದೆ. ಕನ್ನಡದಲ್ಲಿ ಆ ಆದರ್ಶಕ್ಕೆ ಹೊಸ ಜೀವ ಬಂದದ್ದು ಕುವೆಂಪು ಅವರ ‘ಅನಿಕೇತನ’ ಕವಿತೆಯಿಂದ. ಅದೇ ಕವಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ‘ಉದಯರವಿ’ ಎಂಬ ಮನೆ ಕಟ್ಟಿಸಿ ಬಾಳಿದರು. ಇದನ್ನು ವಿರೋಧಾಭಾಸವೆನ್ನುವುದು ಅವಸರದ ತೀರ್ಮಾನ. ಅನಿಕೇತನವಾಗಬೇಕಾದದ್ದು ಚೇತನ, ಮಳೆಯಲ್ಲಿ ನೆನೆಯುವ ದೇಹಕ್ಕೆ ಸೂರು ಬೇಕೇ ಬೇಕು.

ಈಗ ಬಡಾವಣೆಯ ನೆಲಕ್ಕೆ ಬರಬೇಕು. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಇಂದು ಅಪಾರ್ಟ್‌ಮೆಂಟು, ಲೇಔಟುಗಳ ಪ್ರದೇಶ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸಿಕ್ಕ ಸುಮಾರು ಕ್ರಿ.ಶ. 890ರ ಶಾಸನ ‘ಬೆಂಗಳೂರು’ ಎಂಬಲ್ಲಿ ನಡೆದ ಕಾಳಗವನ್ನು ಹೆಸರಿಸುತ್ತದೆ. ಖಾಲಿ ಸೈಟು ಎಂದು ಮಾರಾಟವಾದ ಯಾವ ನೆಲವೂ ಖಾಲಿಯಾಗಿರಲಿಲ್ಲ ಎನ್ನಲು ಅದೊಂದು ಕಲ್ಲು ಸಾಕು. ಹಳೆಯ ಊರುಗಳ ಹೊಲ, ತೋಪು, ಗುಂಡುತೋಪು, ಕೆರೆಯಂಗಳಗಳ ಮೇಲೆ ಬಡಾವಣೆಗಳು ಎದ್ದಿವೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಂಪಂಗಿ ಕೆರೆಯ ಉಳಿದ ಪುಟ್ಟ ಹೊಂಡದ ಬಳಿ ಕರಗ ಉತ್ಸವದ ಕೆಲವು ವಿಧಿಗಳು ಈಗಲೂ ನಡೆಯುತ್ತವೆ. ಕೆರೆ ಹೋದರೂ ಅದರೊಂದಿಗಿನ ಕರಾರನ್ನು ಆ ಉತ್ಸವ ನಡೆಸುವ ತಿಗಳ ಸಮುದಾಯ ಬಿಟ್ಟುಕೊಟ್ಟಿಲ್ಲ. ಬಡಾವಣೆಗಳ ನಡುವೆ ಉಳಿದ ಮಾರಮ್ಮ, ಮುನೇಶ್ವರ, ಸಪ್ಲಮ್ಮನ ಗುಡಿಗಳು, ಅರಳಿಕಟ್ಟೆಯ ನಾಗರಕಲ್ಲುಗಳು ನಕ್ಷೆಯಲ್ಲಿ ಅಡ್ಡಿಯಾಗಿ ಕಾಣುತ್ತವೆ. ಹಳೆಯ ಊರಿನವರಿಗೆ ಅವು ಗಡಿಯ ಗುರುತು. ಹೊಸಬರು ಅಲ್ಲಿಗೆ ಹೋಗಿ ಒಂದು ತೆಂಗಿನಕಾಯಿ ಒಡೆಸುವ ರೂಢಿ ಕೆಲವೆಡೆ ಉಳಿದಿದೆ. ಹೋಮದ ಸಾಮಗ್ರಿಯ ಪಟ್ಟಿಯಲ್ಲಿ ಇದು ಬರುವುದಿಲ್ಲ, ಆದರೆ ನಾಭಾನೇದಿಷ್ಠನ ನಡೆಗೆ ಹತ್ತಿರವಾದದ್ದು ಇದೇ.

ಮನೆಗೆ ಮೊದಲು ಒಕ್ಕಲಾದವರು ಯಾರು ಎಂಬ ಪ್ರಶ್ನೆಯೂ ಇದೆ. ಕಟ್ಟಡ ಏಳುವಾಗ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ವಾಚ್‌ಮನ್ ಕುಟುಂಬವೊಂದು ಅಲ್ಲಿಯೇ ಇರುವುದು ಸಾಮಾನ್ಯ. ಮೋಲ್ಡ್ ಹಾಕಿದ ಮೇಲೆ ಬೆಳಿಗ್ಗೆ ಸಂಜೆ ಪೈಪು ಹಿಡಿದು ಗೋಡೆಗೆ, ತಾರಸಿಗೆ ನೀರುಣಿಸುವುದು ಅವರ ಕೆಲಸ. ಮುಂದೆ ಕಾರು ನಿಲ್ಲುವ ಜಾಗದಲ್ಲಿ ಮೂರು ಇಟ್ಟಿಗೆಯ ಒಲೆ, ಸಿಮೆಂಟಿನ ಖಾಲಿ ಚೀಲದ ಪರದೆ, ಕಿಟಕಿಯ ಸರಳಿಗೆ ಕಟ್ಟಿದ ಸೀರೆಯ ಜೋಲಿ. ಆ ಮನೆಯಲ್ಲಿ ಮೊದಲು ಹಾಲು ಕಾದದ್ದು ಆ ಒಲೆಯ ಮೇಲೆ. ಗೃಹಪ್ರವೇಶದ ಹಿಂದಿನ ವಾರ ಅವರು ಮುಂದಿನ ಸೈಟಿನ ಶೆಡ್ಡಿಗೆ ಹೋಗುತ್ತಾರೆ. ಪ್ರವೇಶದ ದಿನ ಮೇಸ್ತ್ರಿಗೆ ಪಂಚೆ ಶಲ್ಯ, ಗಾರೆಯವರಿಗೆ ಊಟ ಕೊಡುವ ಪದ್ಧತಿ ಚಾಲ್ತಿಯಲ್ಲಿದೆ. ಅದನ್ನು ಬರೀ ಸೌಜನ್ಯವೆಂದು ಎಣಿಸುವವರು ವಾಸ್ತುಬಲಿಯ ಅರ್ಥವನ್ನು ಅರ್ಧದಲ್ಲೇ ಬಿಟ್ಟಂತೆ.

ಇಂದಿನ ಜನಪ್ರಿಯ ವಾಸ್ತು ನಡೆದಿರುವುದು ಬೇರೆಯೇ ದಾರಿಯಲ್ಲಿ. ಅಡುಗೆಮನೆ ಆಗ್ನೇಯದಲ್ಲಿದೆಯೇ, ಬಾಗಿಲು ದಕ್ಷಿಣಕ್ಕಿದೆಯೇ, ಇದರಿಂದ ಯಜಮಾನನಿಗೆ ಲಾಭವೇ ನಷ್ಟವೇ ಎಂಬುದರಲ್ಲೇ ಅದು ಮುಗಿಯುತ್ತದೆ. ದಕ್ಷಿಣಮುಖದ ಸೈಟಿಗೆ ಗಿರಾಕಿ ಹಿಂಜರಿಯುವುದು ಎಲ್ಲ ದಲ್ಲಾಳಿಗಳಿಗೂ ಗೊತ್ತು. ಬೃಹತ್ಸಂಹಿತೆ ಮಾತ್ರ ಸುತ್ತಲಿನ 32 ಸ್ಥಾನಗಳಿಗೆ ಬೇರೆಬೇರೆ ಫಲ ಹೇಳಿ, ನಾಲ್ಕೂ ದಿಕ್ಕುಗಳಲ್ಲಿ ಶುಭವಾದ ಬಾಗಿಲಿನ ಸ್ಥಾನಗಳನ್ನು ಕೊಡುತ್ತದೆ. ಇಡೀ ಒಂದು ದಿಕ್ಕನ್ನೇ ಅಪಶಕುನ ಮಾಡಿದ್ದು ಗ್ರಂಥವಲ್ಲ. ಭೂತಕ್ಕೆ ಕೊಡುವ ಪಾಲು ಹಿಂದೆ ಸರಿದು, ತನಗೆ ಬರುವ ಪಾಲು ಮುಂದೆ ಬಂದದ್ದು ಈ ಶಾಸ್ತ್ರದ ದೊಡ್ಡ ಕುಸಿತ.

ಇತರ ಧರ್ಮಗಳ ಮನೆಗಳಲ್ಲಿ ಕ್ರಮ ಬೇರೆ. ಮುಸ್ಲಿಮರು ಕುರಾನ್ ಪಾರಾಯಣ ಮಾಡಿಸಿ ಬಂಧುಗಳಿಗೆ ಉಣಬಡಿಸುತ್ತಾರೆ, ಕ್ಯಾಥೊಲಿಕರ ಮನೆಗೆ ಪಾದ್ರಿ ಬಂದು ಕೋಣೆ ಕೋಣೆಗೂ ಪವಿತ್ರ ಜಲ ಚಿಮುಕಿಸುತ್ತಾರೆ, ಲಿಂಗಾಯತರಲ್ಲಿ ಜಂಗಮರ ಪಾದಪೂಜೆಗೆ ಅಗ್ರಸ್ಥಾನ. ನೆಲದ ಹಿಂದಿನ ನಿವಾಸಿಗಳ ಮಾತು ಇವುಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಮನೆ ದೇವರ ಕೊಡುಗೆ ಎಂಬ ಭಾವ ಮೇಲಾಗಿರುತ್ತದೆ.

ಒಡೆತನದ ಪ್ರಶ್ನೆಗೆ ಹೆಚ್ಚು ಪೂರ್ಣವಾದ ಉತ್ತರ ಇರುವುದು ಕರಾವಳಿಯಲ್ಲಿ. ತುಳುನಾಡಿನಲ್ಲಿ ಜಾಗದೊಳಗೆ ನಾಗಬನವೋ ದೈವದ ಸ್ಥಾನವೋ ಇದ್ದರೆ, ಜಾಗ ಕೊಂಡವನಿಗೆ ಅದರ ನಡಾವಳಿಯ ಹೊಣೆಯೂ ಬರುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಕೊಂಡವನ ಜಾತಿ, ಊರು ಯಾವುದಾದರೂ ಸರಿ. ಹೊಣೆ ನೆಲಕ್ಕೆ ಅಂಟಿದ್ದು. ಮಂಗಳೂರು, ಉಡುಪಿಯ ಹೊರವಲಯದ ವಸತಿ ಸಂಕೀರ್ಣಗಳ ಆವರಣದಲ್ಲಿ ಮೂಲೆಯ ಬನಕ್ಕೆ ಕಟ್ಟೆ ಕಟ್ಟಿಸಿ ಕೈಬಿಡದೆ ಉಳಿಸಿಕೊಂಡದ್ದು ಕಾಣುತ್ತದೆ. ಅಲ್ಲಿ ತೊಡಕುಗಳೂ ಇವೆ. ಹಳೆಯ ಬನದ ಮರಬಳ್ಳಿಗಳನ್ನು ಸವರಿ ಸಿಮೆಂಟಿನ ಕಟ್ಟೆ, ಗ್ರಾನೈಟಿನ ನೆಲ ಹಾಕಿದರೆ ಹಾವಿಗೂ ಹಕ್ಕಿಗೂ ಉಳಿಯುವ ಆಸರೆ ಕಡಿಮೆ. ಮಾಲೀಕ ಒಬ್ಬನಲ್ಲದೆ ಹತ್ತಾರು ಫ್ಲ್ಯಾಟುಗಳವರು ಆದಾಗ ಬನದಲ್ಲಿ ಸಲ್ಲಿಸುವ ತಂಬಿಲ ಸೇವೆಯ ಖರ್ಚು ನಿರ್ವಹಣಾ ಶುಲ್ಕದಲ್ಲಿ ಸೇರಬೇಕೇ, ಅದನ್ನು ನಂಬದವರೂ ಕೊಡಬೇಕೇ ಎಂಬ ಚರ್ಚೆ ಏಳುವುದು ಸಹಜ. ನಂಬದವನ ವಾದದಲ್ಲಿ ತಿರುಳಿದೆ: ಕೊಂಡದ್ದು ಫ್ಲ್ಯಾಟನ್ನು, ದೈವವನ್ನಲ್ಲ. ಆದರೆ ಅವನ ಕ್ರಯಪತ್ರದಲ್ಲಿ ಅವಿಭಜಿತ ಭೂಭಾಗ ಎಂಬ ಒಂದು ಪಾಲೂ ನಮೂದಾಗಿರುತ್ತದೆ, ಬನವಿರುವ ಮೂಲೆಯೂ ಅದರಲ್ಲಿ ಸೇರಿದೆ.