ಅಂಡದೊಳಗಿನ ಜೀವ: ದಯೆಯೋ, ಪರಿಗ್ರಹವೋ?

ಮೈಸೂರಿನ ವಿದ್ಯಾರಣ್ಯಪುರಂ ಚಾಮುಂಡಿಬೆಟ್ಟಕ್ಕೆ ದೂರವಲ್ಲದ ಬಡಾವಣೆ. ಒಂದು ಕಡೆ ಬೆಟ್ಟದ ಕುರುಚಲು ಕಾಡು, ಇನ್ನೊಂದು ಕಡೆ ನಗರದ ಕಸವನ್ನು ತಂದು ಸಂಸ್ಕರಿಸುವ ಸ್ಥಳ. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಇಂತಹ ಸ್ಥಳದಲ್ಲಿ ಬೇಸಗೆಯ ಕೊನೆಗೆ ಗೃಹಸ್ಥರೊಬ್ಬರು ಹಿತ್ತಲಿನಲ್ಲಿ ಗೋಡೆಗೆ ಪಾಯ ತೆಗೆಸುತ್ತಿರುವಾಗ ಮಣ್ಣಿನಡಿ 12 ಬಿಳಿಯ ಮೊಟ್ಟೆಗಳು ಕಂಡವೆಂದು ಭಾವಿಸೋಣ. ಕೂಲಿಯಾಳು ಹಾರೆಯೆತ್ತುತ್ತಾನೆ. ಮನೆಯ ಹಿರಿಯರು ಮೊದಲಿನಂತೆ ಮಣ್ಣು ಮುಚ್ಚಿಬಿಡಿ ಎನ್ನುತ್ತಾರೆ. ಕಾಲೇಜಿನಲ್ಲಿ ಓದುವ ಮಗ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಇವನ್ನು ಮನೆಯಲ್ಲೇ ಕಾವಿಗಿಟ್ಟು ಮರಿ ಮಾಡಿಸುವೆನೆನ್ನುತ್ತಾನೆ. ಈ ಮೂವರಲ್ಲಿ ದಯಾವಂತನು ಯಾರು?

ಮೊದಲನೆಯವನಲ್ಲ ಎಂಬುದರಲ್ಲಿ ಶ್ರಾವಕರಿಗೆ ಸಂದೇಹವಿರಲಾರದು. ಮೊಟ್ಟೆಯಿನ್ನೂ ಮರಿಯಾಗಿಲ್ಲವೆಂಬ ವಾದ ಜೈನಶಾಸ್ತ್ರದಲ್ಲಿ ನಿಲ್ಲುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಂಡಜಗಳನ್ನು ಗರ್ಭಜನ್ಮದ ಜೀವಿಗಳಲ್ಲಿಯೇ ಎಣಿಸಿದೆ. ಜೀವವು ಅಂಡ ಒಡೆದಾಗ ಬರುವುದಲ್ಲ, ಅಂಡದೊಳಗೇ ಇರುವುದು. ಹಾವಾದರೋ ಪಂಚೇಂದ್ರಿಯ ತಿರ್ಯಂಚ. ಅದರ ಮೊಟ್ಟೆಯನ್ನು ತಿಳಿದೂ ತಿಳಿದೂ ಒಡೆಯುವುದು ಸಂಕಲ್ಪೀ ಹಿಂಸೆಯೇ ಸರಿ.

ವಿಚಾರ ಮಾಡಬೇಕಾದದ್ದು ಮೂರನೆಯವನ ಬಗ್ಗೆ. ಮನೆಯಲ್ಲಿ ಹಾವು ಸಾಕುವ, ಅದರ ಮೊಟ್ಟೆಗೆ ಕಾವು ಕೊಟ್ಟು ಮರಿ ತೆಗೆಯುವ ಹವ್ಯಾಸವು ನಗರಗಳ ತರುಣರಲ್ಲಿ ಕಾಣಿಸಿಕೊಂಡಿದೆ. ಇದನ್ನು ಅವರು ಪ್ರಾಣಿಪ್ರೀತಿಯೆಂದು ಕರೆಯುತ್ತಾರೆ. ಅವರ ಪ್ರೀತಿ ಸುಳ್ಳೆಂದು ಹೇಳಲಾಗದು. ಆದರೆ ಪ್ರೀತಿಯೆಲ್ಲವೂ ದಯೆಯಲ್ಲ. ಕೆಲವು ಪ್ರೀತಿ ಪರಿಗ್ರಹದ ಇನ್ನೊಂದು ಹೆಸರು.

ಈ ಕೆಲಸದ ಸ್ವರೂಪವನ್ನು ಮೊದಲು ತಿಳಿಯಬೇಕು. ಹಾವಿನ ಮೊಟ್ಟೆಯ ಕವಚ ಕೋಳಿಮೊಟ್ಟೆಯಂತೆ ಗಡುಸಲ್ಲ, ತೊಗಲಿನಂತೆ ಮೆತ್ತಗಿರುತ್ತದೆ. ಸುತ್ತಲಿನ ತೇವವನ್ನು ಹೀರಿಕೊಂಡು ಬೆಳೆಯುತ್ತದೆ. ಕೋಳಿ ತನ್ನ ಮೊಟ್ಟೆಯನ್ನು ಹೊರಳಿಸುತ್ತದೆ. ಹಾವಿನ ಮೊಟ್ಟೆಯನ್ನು ಹಾಗೆ ಹೊರಳಿಸಬಾರದು. ಇಟ್ಟ ಸ್ವಲ್ಪ ಕಾಲದಲ್ಲೇ ಒಳಗಿನ ಭ್ರೂಣವು ಕವಚದ ಒಂದು ಕಡೆಗೆ ಅಂಟಿಕೊಳ್ಳುವುದರಿಂದ, ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯುವ ಸಂಭವವುಂಟು. ತೇವ ಕಡಿಮೆಯಾದರೆ ಮೊಟ್ಟೆ ಸೊರಗುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸಾಕುವವರು ಒದ್ದೆ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಡಬ್ಬಿಯಲ್ಲಿ ಹಾಸಿ, 28ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಸುಮಾರು ಎರಡು ತಿಂಗಳು ಕಾಯ್ದುಕೊಳ್ಳುತ್ತಾರೆ. ಹೀಗೆ ಅಗೆದು ತೆಗೆದ ಕ್ಷಣದಿಂದ ಪ್ರತಿಯೊಂದು ಅಜಾಗರೂಕತೆಯ ಹೊಣೆಯೂ ತೆಗೆದವನದೇ. ಜೈನಾಚಾರ್ಯರು ಪ್ರಮಾದವನ್ನು ಹಿಂಸೆಯ ಮೂಲವೆಂದದ್ದು ಇಂತಹ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ನಾಡಿನ ಕಾನೂನು ಕೂಡ ಇಲ್ಲಿ ಜೈನ ವಿವೇಕಕ್ಕೆ ಹತ್ತಿರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ, ಕಾಡಿನ ಪಕ್ಷಿಗಳ ಹಾಗೂ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಆ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಲಿಸುವುದೂ ಸೇರಿದೆ. ನಾಗರ, ಕೇರೆ, ಹೆಬ್ಬಾವುಗಳು ಈ ಕಾಯಿದೆಯ ರಕ್ಷಣೆ ಪಡೆದಿವೆ. ಬಿಲ್ಲು ಬಾಣ ಹಿಡಿಯದವನೂ ಬೇಟೆಗಾರನಾಗಬಲ್ಲನೆಂಬ ಈ ಮಾತು ಜೈನರಿಗೆ ಹೊಸದಲ್ಲ.

ನಮ್ಮ ನಾಡಿನ ಹಾವಲ್ಲದೆ ವಿದೇಶದ ಹಾವನ್ನು ಸಾಕುವವರು, ತಮಗೆ ಈ ಮಾತು ತಗಲದೆನ್ನಬಹುದು. ಬಾಲ್ ಪೈಥಾನ್ ಎಂಬ ಆಫ್ರಿಕಾದ ಸಣ್ಣ ಹೆಬ್ಬಾವು ಇಂದು ಮನೆಗಳಲ್ಲಿ ಸಾಕುವ ಹಾವುಗಳಲ್ಲಿ ಪ್ರಸಿದ್ಧವಾದುದು. 2022ರಲ್ಲಿ ತಿದ್ದುಪಡಿಯಾದ ಕಾಯಿದೆ ಮತ್ತು 2024ರ ನಿಯಮಗಳಂತೆ ಇಂತಹ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಮರಿ ಹುಟ್ಟಿದರೆ ತಿಳಿಸಬೇಕು. ನೋಂದಣಿಯಿಂದ ಕಾನೂನಿಗೆ ಸಮಾಧಾನವಾಗಬಹುದು, ವ್ರತಕ್ಕೆ ಸಮಾಧಾನವಾದೀತೇ? ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ತಾನೇ ಕಾಯುತ್ತದೆ. ಸಾಕುವವನು ಆ ಸುರುಳಿಯನ್ನು ಬಿಡಿಸಿ ಮೊಟ್ಟೆಗಳನ್ನು ಡಬ್ಬಿಗೆ ಸೇರಿಸುತ್ತಾನೆ. ಹುಟ್ಟುವ ಮರಿಯ ಬಣ್ಣ ಅಪರೂಪದ್ದಾದಷ್ಟೂ ಬೆಲೆ ಹೆಚ್ಚು. ಈ ಆಸೆ ಎಲ್ಲಿಗೆ ಮುಟ್ಟುವುದೆಂಬುದಕ್ಕೆ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡೆದದ್ದೇ ಸಾಕ್ಷಿ. ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಜೊತೆಗಿದ್ದ 6 ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ಕೊಳ್ಳುವವನಿಲ್ಲದೆ ಮಾರುವವನಿಲ್ಲ ಎಂಬುದು ಅಂಗಡಿ ನಡೆಸುವವರಿಗೆಲ್ಲ ತಿಳಿದ ವಿಷಯ. ಲಾಭಕ್ಕಾಗಿ ಪ್ರಾಣಿಗಳನ್ನು ಸಾಕುವುದನ್ನು ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಅಸತೀಪೋಷಣವೆಂಬ ಹೆಸರಿನಿಂದ ಶ್ರಾವಕನು ಬಿಡಬೇಕಾದ ವೃತ್ತಿಗಳಲ್ಲಿ ಸೇರಿಸಿದ್ದಾರೆ. ಅವರು ಹೆಸರಿಸಿದವುಗಳಲ್ಲಿ ಗಿಳಿ, ಬೆಕ್ಕು, ನಾಯಿ, ನವಿಲುಗಳಿವೆ. ಹಾವಿನ ಹೆಸರಿಲ್ಲವೆಂದು ಹಾವಿಗೆ ವಿನಾಯಿತಿ ಕೇಳುವುದು ಶಾಸ್ತ್ರದ ಅಕ್ಷರವನ್ನು ಹಿಡಿದು ಅಭಿಪ್ರಾಯವನ್ನು ಬಿಟ್ಟಂತೆ.

ಲಾಭದ ಆಸೆಯಿಲ್ಲದೆ, ಬರಿಯ ಕರುಣೆಯಿಂದ ಕಾವು ಕೊಟ್ಟವನ ವಿಷಯವೇನು? ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಮರಿ ಹೊರಬಂದ ಮೇಲೆ ಅದು ಏನನ್ನು ತಿನ್ನಬೇಕು? ಹಾವು ಕಾಳು ತಿನ್ನದು, ಹಾಲು ಕುಡಿದು ಬದುಕದು. ಮರಿಗೆ ಬೇಕಾದದ್ದು ಸಣ್ಣ ಕಪ್ಪೆ, ಹಲ್ಲಿ, ಇಲ್ಲವೇ ಇನ್ನೂ ಕಣ್ಣು ತೆರೆಯದ ಇಲಿಮರಿ. ಈರುಳ್ಳಿ ಬೆಳ್ಳುಳ್ಳಿಯನ್ನೂ ವರ್ಜಿಸಿದ ಮನೆಯ ಕೋಣೆಯೊಂದರಲ್ಲಿ ಇಲಿಮರಿಗಳನ್ನು ತಂದಿಡಬೇಕಾಗುತ್ತದೆ. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಬಂಧ ಮೊದಲನೆಯದು, ಅನ್ನಪಾನನಿರೋಧ ಕೊನೆಯದು. ಮರಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಬಂಧ. ಇಟ್ಟು ಆಹಾರ ಕೊಡದಿದ್ದರೆ ಅನ್ನಪಾನನಿರೋಧ. ಕೊಟ್ಟರೆ ಇನ್ನೊಂದು ಪಂಚೇಂದ್ರಿಯ ಜೀವದ ವಧೆಗೆ ಕಾರಣನಾದಂತೆ. ಕಾವಿನ ಡಬ್ಬಿಯನ್ನು ಮನೆಗೆ ತಂದ ದಿನವೇ ಈ ಇಕ್ಕಟ್ಟನ್ನೂ ತಂದಂತಾಯಿತು.

ಇದಕ್ಕೆ ಒಂದು ಆಕ್ಷೇಪವುಂಟು. ಬಯಲಿನಲ್ಲಿರುವ ಹಾವೂ ಕಪ್ಪೆಯನ್ನು ತಿನ್ನುತ್ತದೆ; ಹಾಗಾದರೆ ಮೊಟ್ಟೆಯನ್ನು ಉಳಿಸಿದವನೂ ಮುಂದಿನ ಹಿಂಸೆಗೆ ಪಾಲುದಾರನಲ್ಲವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. 18ನೆಯ ಶತಮಾನದಲ್ಲಿ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷುಗಳು ಲೌಕಿಕ ದಯೆಯೇ ಬೇರೆ, ಆಧ್ಯಾತ್ಮಿಕ ದಯೆಯೇ ಬೇರೆಯೆಂದು ಕಟ್ಟುನಿಟ್ಟಾಗಿ ವಿಭಾಗಿಸಿದರು. ಇತರ ಪರಂಪರೆಗಳು ಜೀವರಕ್ಷಣೆಯನ್ನು ಪುಣ್ಯವೆಂದೇ ಎಣಿಸುತ್ತ ಬಂದಿವೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ: ತಾನು ಕೊಲ್ಲಬಾರದು, ಕೊಲ್ಲಿಸಬಾರದು. ಹಾರೆಯನ್ನು ಕೆಳಗಿಟ್ಟವನು ತನ್ನ ಹಿಂಸೆಯನ್ನು ನಿಲ್ಲಿಸಿದನು. ಮುಂದೆ ಆ ಹಾವು ಹೇಗೆ ಬದುಕುವುದೆಂಬುದು ಅದರ ಕರ್ಮಕ್ಕೆ ಸಂಬಂಧಿಸಿದ್ದು. ಇಲಿಮರಿಯನ್ನು ಆರಿಸಿ ತಂದು ಹಾವಿನ ಮುಂದಿಡುವವನಾದರೋ ತನ್ನ ಸಂಕಲ್ಪವನ್ನು ಅದರಲ್ಲಿ ಬೆರೆಸಿದನು. ಹಾವಿನ ಹೊಟ್ಟೆ ಒಂದೇ ಆದರೂ ಲೆಕ್ಕದ ಪುಸ್ತಕ ಬೇರೆ.

ಜೈನ ಪುರಾಣಗಳಲ್ಲಿ ಹಾವಿಗೆ ದೊರೆತ ಕರುಣೆಯ ರೀತಿಯನ್ನು ನೆನೆದರೆ ಈ ಭೇದ ಸ್ಪಷ್ಟವಾಗುತ್ತದೆ. ತಾಪಸನ ಸೌದೆಯೊಳಗೆ ಸಿಲುಕಿದ್ದ ಸರ್ಪಗಳಿಗೆ ಕುಮಾರ ಪಾರ್ಶ್ವನು ಕರುಣೆ ತೋರಿದನು. ಅವು ಧರಣೇಂದ್ರ ಪದ್ಮಾವತಿಯರಾದವು. ಅರಮನೆಗೊಯ್ದು ಸಾಕಿದನೆಂದು ಕಥೆ ಹೇಳುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದಗಳ ಬಳಿ ಶಿಲ್ಪಿಯು ಹುತ್ತಗಳನ್ನೂ ಅವುಗಳಿಂದ ಹೊರಬರುವ ಸರ್ಪಗಳನ್ನೂ ಕಡೆದಿದ್ದಾನೆ. ಬಾಹುಬಲಿ ಅವನ್ನು ಓಡಿಸಲೂ ಇಲ್ಲ, ಹಿಡಿಯಲೂ ಇಲ್ಲ. ಅವುಗಳಿಗೆ ಅವನು ಕೊಟ್ಟದ್ದು ಅಭಯ ಮಾತ್ರ. ಅಭಯದಾನದಲ್ಲಿ ಕೊಟ್ಟವನಿಗೆ ಏನೂ ಉಳಿಯುವುದಿಲ್ಲ. ಅದರ ಹಿರಿಮೆಯೂ ಅದೇ.

ಹಾಗಾದರೆ ಹಿತ್ತಲಿನ 12 ಮೊಟ್ಟೆಗಳಿಗೆ ದಾರಿಯೇನು? ಹಿರಿಯರ ಮಾತೇ ದಾರಿ. ಮಣ್ಣು ಮುಚ್ಚಿ, ಸುತ್ತ ಗುರುತು ಹಾಕಿ, ಮಕ್ಕಳನ್ನು ದೂರವಿರಿಸಿ, ಆ ಭಾಗದ ಕೆಲಸವನ್ನು ಸುಮಾರು ಎರಡು ತಿಂಗಳು ಮುಂದೂಡುವುದು. ನಾಗರದ ಮರಿಗೆ ಹುಟ್ಟಿದಾಗಲೇ ವಿಷವಿರುವುದರಿಂದ ಎಚ್ಚರಿಕೆ ಅಗತ್ಯ. ಮಲೆನಾಡಿನಲ್ಲಿ ಇದು ನಡೆದು ತೋರಿದೆ. ಆಗುಂಬೆಯ ಸುತ್ತಮುತ್ತ ಸಂಶೋಧಕರು ಕಾಳಿಂಗ ಸರ್ಪದ ಎಲೆಗೂಡುಗಳನ್ನು ಇದ್ದಲ್ಲಿಯೇ ಕಾಯ್ದು, ಅಕ್ಕಪಕ್ಕದ ಮನೆಯವರಿಗೆ ತಿಳಿಹೇಳಿ, ಹುಟ್ಟಿದ ಮರಿಗಳನ್ನು ಕಾಡಿಗೆ ಬಿಟ್ಟಿದ್ದಾರೆ.

ಇದ್ದಲ್ಲಿಯೇ ಬಿಡುವುದು ಸಾಧ್ಯವೇ ಇಲ್ಲದಾಗ, ಕೈಹಾಕದೆ ಅರಣ್ಯ ಇಲಾಖೆಗೋ ಬಲ್ಲ ಉರಗರಕ್ಷಕರಿಗೋ ತಿಳಿಸಬೇಕು. ಹಾವು ಕಂಡೊಡನೆ ದೊಣ್ಣೆ ಹುಡುಕದೆ ದೂರವಾಣಿಯತ್ತ ಹೋಗುವ ಅಭ್ಯಾಸವನ್ನು ಸ್ನೇಕ್ ಶ್ಯಾಮ್ ಅಂಥವರು ಮೈಸೂರಿಗರಿಗೆ ಹಲವು ದಶಕಗಳಿಂದ ಕಲಿಸಿದ್ದಾರೆ. ಬಲ್ಲವರ ಕೈಯಲ್ಲಿ ಕಾವು ಪಡೆದ ಮರಿಗೂ ಬಂಧನ ಅನಿವಾರ್ಯವಲ್ಲ. ಅದು ಮೂತಿಯ ತುದಿಯ ಅಂಡದಂತದಿಂದ ಕವಚವನ್ನು ತಾನೇ ಸೀಳಿ ಹೊರಬರುತ್ತದೆ. ಉಳಿದ ಭಂಡಾರವನ್ನು ಮೈಯೊಳಗೆ ಸೇರಿಸಿಕೊಂಡಿರುವುದರಿಂದ ಮೊದಲ ಕೆಲವು ದಿನ ಆಹಾರ ಬೇಡುವುದಿಲ್ಲ. ಆ ಗಡುವಿನೊಳಗೆ ತಕ್ಕ ಜಾಗದಲ್ಲಿ ಬಿಟ್ಟವನಿಗೆ ಇಲಿಮರಿಯ ಪ್ರಶ್ನೆಯೇ ಬಾರದು. ಪ್ರಕೃತಿಯು ಬುತ್ತಿ ಕಟ್ಟಿಯೇ ಕಳಿಸಿದ ಮರಿಯನ್ನು ಇಟ್ಟುಕೊಳ್ಳಲು ನೆವ ಹುಡುಕುವುದು ಮೋಹ.

ಬಸದಿಗಳ ಆಡಳಿತ ನಡೆಸುವವರಿಗೂ ಇಲ್ಲಿ ಕರ್ತವ್ಯವಿದೆ. ಆವರಣದ ಮೂಲೆಯ ಹುತ್ತವನ್ನು ಸೌಂದರ್ಯಕ್ಕಾಗಿ ಕೆಡವಿ ಸಿಮೆಂಟ್ ಹಾಕಿಸುವ ಮೊದಲು ಯೋಚಿಸಬೇಕು. ನಾಗರಪಂಚಮಿಯ ವೇಳೆಗೆ ಬಿಲದೊಳಗೆ ಮೊಟ್ಟೆ, ಮರಿಗಳಿರುವ ಸಂಭವವುಂಟು. ಆಗ ಹಾಲು ಸುರಿದರೆ ಅವುಗಳಿಗೆ ಅಪಾಯವೇ ಹೊರತು ಪೂಜೆಯಾಗದು.

ಎರಡು ತಿಂಗಳು ನಿಂತ ಗೋಡೆಯ ಕೆಲಸಕ್ಕೆ ನಷ್ಟವುಂಟು: ಮೇಸ್ತ್ರಿ ಬೇರೆ ಕೆಲಸ ಹಿಡಿದು ಹೋಗಬಹುದು, ತಂದ ಸಿಮೆಂಟ್ ಗಟ್ಟಿಯಾಗಬಹುದು. ಮಗನಿಗೂ ನಷ್ಟವುಂಟು, ಮರಿ ಹೊರಬರುವುದನ್ನು ಅವನು ನೋಡಲಾರ, ಸ್ನೇಹಿತರಿಗೆ ತೋರಿಸಲಾರ. ದಯೆಗೆ ಬೆಲೆಯಿದೆ. ಆ ಬೆಲೆಯನ್ನು ದಯೆ ತೋರಿದವನೇ ತೆರಬೇಕು. ಕಣ್ಣು ತೆರೆಯದ ಇಲಿಮರಿಯಿಂದ ತೆರಿಸಬಾರದು.